ಬಸ್ ಪಾಸ್ ಪ್ರಕಟಣೆಯ ಕೆಳಗಿದ್ದ ನಂಬರು

ಕಾಲೇಜು ಎಂದರೆ ನನಗೆ ಮೊದಲು ನೆನಪಾಗುವುದು ಕಚೇರಿ ಎದುರಿನ ಗಾಜಿನ ನೋಟಿಸ್ ಬೋರ್ಡು. ಅದರಲ್ಲಿ ಬಸ್ ಪಾಸ್ ಪ್ರಕಟಣೆಯ ಅಡಿಯಲ್ಲಿ ಅರ್ಧ ಮುಚ್ಚಿಹೋಗಿದ್ದ ಒಂದು ಹಾಳೆ, ‘ಆಂತರಿಕ ದೂರು ಸಮಿತಿ’ ಎಂಬ ತಲೆಬರಹ, ಐದಾರು ಹೆಸರು, ಒಂದು ಫೋನ್ ನಂಬರು. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಅದು. ನಾನು ಬಿ.ಎಸ್ಸಿ.ಗೆ ಸೇರಿದ್ದು 2016ರಲ್ಲಿ. ಹಾಳೆಯ ಮೇಲಿದ್ದ ಅಧ್ಯಕ್ಷೆ ಅಷ್ಟರಲ್ಲಾಗಲೇ ನಿವೃತ್ತರಾಗಿದ್ದರು. ಮೊದಲ ವರ್ಷದ ಕೊನೆಯಲ್ಲಿ ಹಾಸ್ಟೆಲಿನ ಹುಡುಗಿಯೊಬ್ಬಳು ನನ್ನ ಪಕ್ಕದಲ್ಲಿ ಕುಳಿತು ಆ ನಂಬರನ್ನು ಮೂರು ಸಲ ಒತ್ತಿದಳು. ಮೂರು ಸಲವೂ ‘ಈ ಸಂಖ್ಯೆ ಚಾಲ್ತಿಯಲ್ಲಿಲ್ಲ’.

ಅವಳು ಯಾರು, ಯಾರ ಮೇಲಿನ ದೂರು, ಮುಂದೇನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸಂಕೋಚದಿಂದಲ್ಲ. ಅಂಥ ವಿವರಗಳನ್ನು ಬಹಿರಂಗಪಡಿಸಬಾರದೆಂದು ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೇ ಹೇಳುತ್ತದೆ, ಮತ್ತು ನಾನು ಮುಂದೆ ಅದೇ ಸಮಿತಿಯಲ್ಲಿ ಕುಳಿತವಳು. ಸಮಿತಿಯಿಂದ ರೂಮಿಗೆ ಬಂದು ಬಾಯಿ ಮುಚ್ಚಿಕೊಂಡಿದ್ದಕ್ಕೆ ಗೆಳತಿಯರು ನನ್ನೊಂದಿಗೆ ವಾರಗಟ್ಟಲೆ ಸರಿಯಾಗಿ ಮಾತನಾಡಲಿಲ್ಲ. ಈಗಲೂ ಅವರಿಗೆ ಹೇಳಿಲ್ಲ.

ಆದರೆ ಗೇಟಿನ ಕಥೆ ಹೇಳಬಹುದು, ಅದು ಎಲ್ಲರ ಕಣ್ಣೆದುರೇ ನಡೆದದ್ದು. ಗುಸುಗುಸು ಹಬ್ಬಿದ ವಾರವೇ ಹುಡುಗಿಯರ ಹಾಸ್ಟೆಲಿನ ಗೇಟು ರಾತ್ರಿ ಎಂಟರ ಬದಲು ಸಂಜೆ ಆರೂವರೆಗೆ ಮುಚ್ಚತೊಡಗಿತು. ಗ್ರಂಥಾಲಯ ತೆರೆದಿರುತ್ತಿದ್ದದ್ದು ಏಳೂವರೆಯವರೆಗೆ. ಹುಡುಗರ ಹಾಸ್ಟೆಲಿನ ಗೇಟಿಗೆ ಬೀಗವೆಂಬುದು ಇತ್ತೋ ಇಲ್ಲವೋ ನನಗೆ ಅನುಮಾನ. ಕೇಳಲು ಹೋದರೆ ವಾರ್ಡನ್ ಮೇಡಂ, “ನಿಮ್ಮ ಸುರಕ್ಷತೆಗೇ ಅಲ್ಲವೇನಮ್ಮ?” ಎಂದರು. ಕೆಟ್ಟವರಲ್ಲ ಅವರು, ಯಾರೋ ಹೇಳಿದ್ದನ್ನು ಮಾಡುತ್ತಿದ್ದರು.

2017ರಲ್ಲಿ ಸಮಿತಿ ಹೊಸದಾಗಿ ರಚನೆಯಾಯಿತು. ಹಿಂದಿನ ವರ್ಷದ ಮೇ ತಿಂಗಳಲ್ಲಷ್ಟೇ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಇದೇ ವಿಷಯದ ನಿಯಮಗಳು ಅಧಿಸೂಚನೆಯಾಗಿದ್ದವು. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಚುನಾಯಿತ ವಿದ್ಯಾರ್ಥಿಗಳೂ ಸಮಿತಿಯಲ್ಲಿರಬೇಕು, ವಿಭಾಗದ ಮುಖ್ಯಸ್ಥರಂಥ ಹಿರಿಯ ಅಧಿಕಾರಸ್ಥಾನದಲ್ಲಿರುವವರು ಇರಬಾರದು ಎಂದು ಅವು ಹೇಳುತ್ತವೆ. ಪದವಿ ತರಗತಿಗಳ ಪರವಾಗಿ ನಾನು ಆಯ್ಕೆಯಾದೆ. ಗೆದ್ದೆ ಎನ್ನಲಾರೆ, ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಹೊರಗಿನ ಸದಸ್ಯೆಯಾಗಿ ಬಂದ ವಕೀಲರು ಮೊದಲ ದಿನ ನಮಗೆ ರಾಜಸ್ಥಾನದ ಭಂವರಿ ದೇವಿಯ ವಿಷಯ ಹೇಳಿದರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ, ಅದರ ಹಿನ್ನೆಲೆಯಲ್ಲಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 1997ರಲ್ಲಿ ಸುಪ್ರೀಂ ಕೋರ್ಟು ನೀಡಿದ ವಿಶಾಖಾ ಮಾರ್ಗಸೂಚಿ, ಅಲ್ಲಿಂದ ಕಾಯ್ದೆಯಾಗಲು ಹಿಡಿದ ಹದಿನಾರು ವರ್ಷ. ಆಮೇಲೆ ಒಂದೊಂದು ಖಾಲಿ ಹಾಳೆ ಕೊಟ್ಟು, ದೂರು ತಂದವಳಿಗೆ ನೀವು ಕೇಳುವ ಮೊದಲ ಪ್ರಶ್ನೆ ಬರೆಯಿರಿ ಎಂದರು. ಹೆಸರು ಬರೆಯಬೇಕಿರಲಿಲ್ಲ. ಅವರು ಓದಿದ ಮೂರನೆಯ ಚೀಟಿ: “ಅಲ್ಲಿಗೆ ಒಬ್ಬಳೇ ಯಾಕೆ ಹೋದೆ?”

ಎದುರಿಗಿದ್ದ ಇಬ್ಬರು ಮೇಷ್ಟ್ರುಗಳತ್ತ ಎಲ್ಲರೂ ನೋಡಿದರು. ಬರೆದವಳು ನಾನು.

“ಇದಕ್ಕೆ ಅವಳು ಏನು ಉತ್ತರ ಕೊಟ್ಟರೂ ನಮ್ಮ ತೀರ್ಮಾನ ಬದಲಾಗುತ್ತದೆಯೇ?” ಎಂದು ವಕೀಲರು ಕೇಳಿದರು. ಯಾರೂ ಮಾತನಾಡಲಿಲ್ಲ. “ಹಾಗಿದ್ದರೆ ಕೇಳುವುದು ಬೇಡ” ಎಂದು ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟರು. ಆಗ ಸುಮ್ಮನೆ ಕುಳಿತಿದ್ದೆ. ಒಪ್ಪಿಕೊಳ್ಳುತ್ತಿರುವುದು ಈಗ, ಇಲ್ಲಿ.

ನಿಯಮಾವಳಿಯನ್ನು ಪುಟ ಪುಟ ಓದುತ್ತಾ ಹೋದಾಗ ಗೇಟಿನ ವಿಷಯವೂ ಸಿಕ್ಕಿತು. ಸುರಕ್ಷತೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ನಿಯಮ ಹೇರುವಂತಿಲ್ಲ ಎಂದು ಅದರಲ್ಲೇ ಬರೆದಿತ್ತು! ಹೊಸ ಅಧ್ಯಕ್ಷೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪತ್ರದ ಜೊತೆ ಪ್ರಾಂಶುಪಾಲರಿಗೆ ಕಳಿಸಿದರು. ಎರಡು ತಿಂಗಳು ಹಿಡಿಯಿತು, ಗೇಟು ಎಂಟಕ್ಕೆ ಮರಳಿತು.

ನಂತರ ತರಗತಿಯಿಂದ ತರಗತಿಗೆ ಹೋಗಿ ವಿವರಿಸುವ ಕೆಲಸ. ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು ಎಂದೆಲ್ಲ ಹೇಳುತ್ತಿದ್ದೆವು. ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಒಂದು ತರಗತಿಯಲ್ಲಿ ಕೊನೆಯ ಬೆಂಚಿನಿಂದ ಪ್ರಶ್ನೆ ಬಂತು: “ಇಂಟರ್ನಲ್ ಅಂಕ ಅವರ ಕೈಯಲ್ಲೇ ಇದ್ದರೆ?” ಇಡೀ ತರಗತಿ ತಲೆ ಎತ್ತಿತು. ವಿಚಾರಣೆ ನಡೆಯುವಾಗ, ಯಾರ ಮೇಲೆ ದೂರಿದೆಯೋ ಅವರು ದೂರುದಾರರ ಪರೀಕ್ಷೆ, ಮೌಲ್ಯಮಾಪನಕ್ಕೆ ಕೈಹಾಕದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು ಎಂದೆವು. ಆಗ ಪೆನ್ನುಗಳು ಹೊರಬಂದವು.

ಕಳೆದ ವರ್ಷ ಅಂಕಪಟ್ಟಿಯ ನಕಲಿಗೆಂದು ಬಂದಿದ್ದೆ. ಗಾಜಿನ ಬೋರ್ಡು ಇಲ್ಲ. ಗ್ರಂಥಾಲಯದ ಮೆಟ್ಟಿಲ ಪಕ್ಕದ ಗೋಡೆಯ ಮೇಲೆಯೇ ಸಮಿತಿಯ ಹೆಸರು, ನಂಬರು ಬಣ್ಣದಲ್ಲಿ ಬರೆಸಿದ್ದಾರೆ. ಗೇಟಿನ ಹೊರಗೆ ನಿಂತು ಆ ನಂಬರಿಗೆ ಕರೆ ಮಾಡಿದೆ. ಎರಡನೇ ರಿಂಗಿಗೇ ಹೆಂಗಸರ ದನಿ.

“ಏನಿಲ್ಲ ಮೇಡಂ, ಸುಮ್ಮನೆ ಮಾಡಿದೆ” ಎಂದೆ.

“ಪರವಾಗಿಲ್ಲ, ಹೇಳಮ್ಮ” ಎಂದರು. ಫೋನ್ ಇಡಲಿಲ್ಲ, ಕಾಯುತ್ತಿದ್ದರು.