ಎರಡನೇ ಸಲದ ಮಣ್ಣು

ಬ್ರಹ್ಮಗಿರಿ ನಮ್ಮದೇ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಚಳ್ಳಕೆರೆ ದಾಟಿ, ಹಾನಗಲ್ ಹತ್ತಿರ ತಿರುಗಿದರೆ ಮೊಳಕಾಲ್ಮೂರು. ಅಲ್ಲಿಂದ ಮುಂದೆ ಸಿದ್ದಾಪುರ, ಅದರ ಪಕ್ಕದಲ್ಲೇ ಬೆಟ್ಟ. ಮದುವೆ ಮುಂಜಿ ಅಂತ ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ತರೋಕೆ ನಾಲ್ಕೈದು ಸಲ ಹೋಗಿದ್ದೇವೆ, ಪ್ರತಿ ಸಲವೂ ಸೀರೆ ಗಂಟು ಕಟ್ಟಿಸಿಕೊಂಡು ಅಲ್ಲಿಂದಲೇ ವಾಪಸ್ಸು. ಹೋದ ಸೆಪ್ಟೆಂಬರ್ ಕೊನೆಯಲ್ಲಿ ಮಾತ್ರ ನಾನು ಹಟ ಹಿಡಿದು ಹೊರಟೆ. ಅಮ್ಮನೂ ಬರ್ತೀನಿ ಅಂದಳು. ಅಜ್ಜಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಷ್ಟು ದಿನ ಅಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

"ಅಲ್ಲಿ ಏನಿದೆ ನೋಡೋಕೆ?" ಅಂತ ದಾರಿಯಲ್ಲಿ ಕೇಳಿದಳು.

"ಅಶೋಕನ ಶಾಸನ ಇದೆ. ಮತ್ತೆ ಕಲ್ಲಿನ ಸುತ್ತುಗಳಿವೆ. ಹಳೇ ಕಾಲದವರ ಗೋರಿ."

ಅಮ್ಮ ಸುಮ್ಮನಾದಳು. ಗೋರಿ ಅನ್ನಬಾರದಿತ್ತು ಅನ್ನಿಸಿತು. ಆದರೆ ಬೇರೆ ಯಾವ ಮಾತು ಹೇಳುವುದು? ಅವು ಗೋರಿಗಳೇ.

ಮೊದಲು ಅಕ್ಷರಗುಂಡು ನೋಡಿದೆವು. ಶಾಸನದ ಬಂಡೆಯನ್ನು ಜನ ಕರೆಯುವುದೇ ಹಾಗೆ, ಈಗ ಅದಕ್ಕೊಂದು ಸೂರು ಕಟ್ಟಿದ್ದಾರೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇದನ್ನು ಓದುವವರ ಲೋಕಕ್ಕೆ ತೋರಿಸಿಕೊಟ್ಟರು. ಊರಿನವರಿಗೆ ಅದಕ್ಕೂ ಮುಂಚೆ ಅದು ಅಕ್ಷರ ಇರುವ ಗುಂಡು ಅಂತ ಗೊತ್ತಿತ್ತು, ಹೆಸರೇ ಹೇಳುತ್ತದಲ್ಲ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು ಅಂತ ಅದರಲ್ಲಿದೆ. ಕೊನೆಗೆ ಒಂದು ಮಾತು ಬರುತ್ತದೆ, 'ಪೋರಾಣಾ ಪಕಿತಿ', ಅಂದರೆ ಇದು ಹಿಂದಿನಿಂದ ಬಂದ ಪದ್ಧತಿ, ಇದರಿಂದ ಆಯಸ್ಸು ಹೆಚ್ಚುತ್ತದೆ ಅಂತ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನವರೇ 'ಹಿಂದಿನಿಂದ ಬಂದದ್ದು' ಅನ್ನುತ್ತಿದ್ದರು. ಅಮ್ಮನಿಗೆ ಓದಿ ಹೇಳಿದೆ. "ಇದನ್ನೇ ತಾನೇ ನಿಮ್ಮಜ್ಜಿ ದಿನಾ ಹೇಳ್ತಿದ್ದದ್ದು" ಅಂದಳು.

ಆಮೇಲೆ ಹೊಲಗಳ ಕಡೆ ನಡೆದೆವು. ಬೆಟ್ಟದ ಬುಡದಲ್ಲಿ, ಗುಂಡುಗಳ ನಡುವೆ, ಶೇಂಗಾ ಹೊಲದಲ್ಲಿ ಹರಡಿಕೊಂಡಿವೆ ಆ ಕಲ್ಲಿನ ಸುತ್ತುಗಳು. 1947ರಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದಾಗ ಸುಮಾರು 300 ಇದ್ದವು ಅಂತ ಬರೆದಿದ್ದಾರೆ. ಅವರಿಗಿಂತ ಮುಂಚೆಯೇ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಇಲ್ಲಿ ಕೆಲಸ ಮಾಡಿದ್ದರು. ಆ ಹೆಸರನ್ನು ನಾವು ಜಾಸ್ತಿ ಹೇಳುವುದಿಲ್ಲ, ಹೇಳಬೇಕು.

ಮೊದಲ ಸುತ್ತು ಕಣ್ಣಿಗೆ ಬೀಳುವುದೇ ಇಲ್ಲ. ಹೊಲದಲ್ಲಿ ಕಲ್ಲು ಇರುವುದು ನಮ್ಮ ಕಡೆ ಹೊಸದಾ? ಹತ್ತಿರ ಹೋಗಿ, ಒಂದು ಕಲ್ಲಿನಿಂದ ಪಕ್ಕದ ಕಲ್ಲಿಗೆ ಕಣ್ಣು ಓಡಿಸಿದರೆ ತಟ್ಟನೆ ಗೆರೆ ಬಾಗುತ್ತದೆ, ಬಾಗಿ ಬಾಗಿ ಮೊದಲನೇ ಕಲ್ಲಿಗೇ ಬಂದು ಸೇರುತ್ತದೆ. ಒಂದು ಸಲ ಕಂಡರೆ ಮುಗಿಯಿತು, ಆಮೇಲೆ ಎಲ್ಲೆಲ್ಲೂ ಅವೇ. ನಾನು ಹೆಜ್ಜೆ ಹಾಕಿ ಅಳೆದೆ, ಈ ಕಡೆಯಿಂದ ಆ ಕಡೆಗೆ ಎಂಟು ಹೆಜ್ಜೆ. ಶೇಂಗಾ ಸಾಲುಗಳು ನೆಟ್ಟಗೆ ಬಂದು ಸುತ್ತಿನ ಹತ್ತಿರ ಸೊಂಟ ತಿರುಗಿಸಿದ ಹಾಗೆ ಬಳುಕಿ ಮತ್ತೆ ನೆಟ್ಟಗಾಗಿದ್ದವು. ಕಳೆ ತೆಗೆಯುತ್ತಿದ್ದ ಒಬ್ಬ ಹಿರಿಯರು ಹೇಳಿದರು, "ನಮ್ಮಪ್ಪನೂ ಇಲ್ಲಿ ಎತ್ತು ತಿರುಗಿಸ್ತಿದ್ದ. ಮೋರ್ಯರ ಮನೆ, ಮುಟ್ಟಬಾರದು."

ಮೋರ್ಯರ ಕಥೆ ನನಗೆ ಅಜ್ಜಿ ಹೇಳಿದ್ದೇ. ಗೇಣು ಗೇಣು ಎತ್ತರದ ಜನ ಇದ್ದರಂತೆ, ಬೆಂಕಿ ಮಳೆ ಬರುತ್ತದೆ ಅಂತ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿಕೊಂಡರಂತೆ, ಮಳೆ ಬಂತು, ಯಾರೂ ಉಳಿಯಲಿಲ್ಲ. ಚಿಕ್ಕವರಿದ್ದಾಗ ರಾತ್ರಿ ಆ ಕಥೆ ಕೇಳಿ ಕಂಬಳಿ ಮುಖಕ್ಕೆ ಎಳೆದುಕೊಳ್ಳುತ್ತಿದ್ದೆವು. ಮನೆ ಅಂತ ಯಾಕೆ ಅನ್ನುತ್ತಾರೆ ಅಂತ ಅವತ್ತು ಗೊತ್ತಾಯಿತು.

ಒಂದು ಸುತ್ತಿನ ನಡುವೆ ಮೇಲಿನ ಮುಚ್ಚುಗಲ್ಲು ಸರಿದಿತ್ತು. ಒಳಗೆ ನಾಲ್ಕು ಚಪ್ಪಡಿ ನಿಲ್ಲಿಸಿದ ಪೆಟ್ಟಿಗೆ, ಅರ್ಧ ಮಣ್ಣು ತುಂಬಿಕೊಂಡಿದೆ. ನಾನು ಅಂಚಿನಲ್ಲಿ ಕೂತು ನೋಡಿದೆ. ಚಪ್ಪಡಿಗಳನ್ನು ಸುಮ್ನೆ ಚೌಕ ಮಾಡಿ ನಿಲ್ಲಿಸಿಲ್ಲ. ಪ್ರತಿಯೊಂದರ ಒಂದು ತುದಿ ಪಕ್ಕದ್ದನ್ನು ದಾಟಿ ಹೊರಗೆ ಚಾಚಿದೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಹಾಗೆ. ರಟ್ಟಿನ ಡಬ್ಬದ ನಾಲ್ಕು ಕಿವಿಗಳನ್ನು ಒಂದರಡಿ ಒಂದು ಸಿಕ್ಕಿಸಿ ಮುಚ್ಚುತ್ತೇವಲ್ಲ, ಆಗ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಹಾಗೆ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಚಪ್ಪಡಿ ಇನ್ನೊಂದಕ್ಕೆ ಆನಿಕೊಳ್ಳುತ್ತದೆ, ಒಳಕ್ಕೆ ಬೀಳುವುದಿಲ್ಲ. ಗಾರೆ ಇಲ್ಲ, ಮೊಳೆ ಇಲ್ಲ. ಇಷ್ಟು ಶತಮಾನದಿಂದ ನಿಂತಿದೆ.

ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಪುರಾತತ್ವದವರು ಇದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಾನು ಓದಿಕೊಂಡೇ ಹೋಗಿದ್ದೆ, ಆದರೂ ಕೈ ಇಟ್ಟಾಗ ಬೇರೆಯೇ ಆಯಿತು. ಚಪ್ಪಡಿಯ ಮೈಯೆಲ್ಲ ಒರಟು, ಅಂಗೈ ತರಚುವಷ್ಟು. ಕಿಂಡಿಯ ಅಂಚು ಮಾತ್ರ ನಯ. ಬೆರಳು ಅದರ ಮೇಲೆ ಎಲ್ಲೂ ಸಿಕ್ಕಿಕೊಳ್ಳದೆ ಸುತ್ತು ಬರುತ್ತದೆ. ಒಬ್ಬರು ಕೂತು, ಎಷ್ಟು ದಿನವೋ, ಕುಟ್ಟಿ ಕುಟ್ಟಿ ಇದನ್ನು ದುಂಡಗೆ ಮಾಡಿದ್ದಾರೆ. ಗಟ್ಟಿ ಕಣಶಿಲೆ ಇದು, ಮೆತ್ತನೆ ಬಳಪದ ಕಲ್ಲಲ್ಲ. ಅದೂ ಮಣ್ಣಿನೊಳಗೆ ಹೂತು ಹೋಗುವ ಕಲ್ಲು, ಯಾರೂ ನೋಡದ ಅಂಚು.

ತಿರುಗಿ ನೋಡಿದರೆ ಅಮ್ಮ ಚಪ್ಪಲಿ ಬಿಟ್ಟು ಸುತ್ತಿನ ಹೊರಗೆ ನಿಂತಿದ್ದಳು. ಬಿಡು ಅಂತ ಯಾರೂ ಹೇಳಿರಲಿಲ್ಲ.

"ಒಳಗೆ ಎಷ್ಟು ಜಾಗ ಇದೆ? ಮನುಷ್ಯ ಉದ್ದಕ್ಕೆ ಮಲಗೋಕಾಗುತ್ತಾ?" ಅಂತ ಕೇಳಿದಳು.

ಅಮ್ಮನ ಪ್ರಶ್ನೆ ನೇರವಾಗಿ ವಿಷಯದ ಮಧ್ಯಕ್ಕೇ ಹೋಗಿತ್ತು. ಯಾಕೆಂದರೆ ಈ ಪೆಟ್ಟಿಗೆಗಳಲ್ಲಿ ಯಾರನ್ನೂ ಹಾಗೆ ಮಲಗಿಸಿರಲಿಲ್ಲ. ಅಗೆದಾಗ ಸಿಕ್ಕಿದ್ದು ಬಿಡಿ ಬಿಡಿ ಮೂಳೆಗಳು, ಮೈಯಲ್ಲಿ ಇರುವ ಕ್ರಮದಲ್ಲಿಲ್ಲ, ಒಂದೇ ಪೆಟ್ಟಿಗೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರವು. ಜೊತೆಗೆ ಮಡಕೆಗಳು, ಕಬ್ಬಿಣದ ಸಾಮಾನು. ಅಂದರೆ ಸತ್ತವರನ್ನು ಮೊದಲು ಬೇರೆ ಎಲ್ಲೋ ಇಟ್ಟು, ಮೈ ಕರಗಿದ ಮೇಲೆ ಮೂಳೆ ಆಯ್ದು ತಂದು ಇಲ್ಲಿ ಸೇರಿಸಿದ್ದಾರೆ. ಇಲ್ಲೇ ಇನ್ನೊಂದು ಬಗೆಯ ಸುತ್ತುಗಳೂ ಇವೆ, ಕಲ್ಲಿನ ಪೆಟ್ಟಿಗೆ ಇಲ್ಲದವು, ನಡುವೆ ದೊಡ್ಡ ಗುಂಡಿ ಇರುವವು. ಅಂಥದ್ದರಲ್ಲಿ ಮೂಳೆ ಸಿಗಲಿಲ್ಲ. ಮೊದಲು ಹೆಣ ಇಡುತ್ತಿದ್ದ ಜಾಗ ಅದೇ ಇರಬೇಕು ಅನ್ನುವುದು ವ್ಹೀಲರ್ ಊಹೆ. ನನಗಂತೂ ಆ ಊಹೆ ಸರಿ ಅನ್ನಿಸುತ್ತದೆ.

ಇನ್ನೂ ಹಿಂದಿನ ಕಾಲದ ಪದರದಲ್ಲಿ, ಕಲ್ಲಿನ ಕೊಡಲಿ ಬಳಸುತ್ತಿದ್ದವರ ಕಾಲದಲ್ಲಿ, ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಗಳ ನಡುವೆಯೇ ಹೂಳುತ್ತಿದ್ದರು. ಅದನ್ನು ಅಮ್ಮನಿಗೆ ಹೇಳಲೋ ಬೇಡವೋ ಅಂತ ಯೋಚಿಸಿ ಹೇಳಿದೆ. ಅವಳ ಮೊದಲ ಮಗು ಉಳಿದಿರಲಿಲ್ಲ. ಸ್ವಲ್ಪ ಹೊತ್ತು ಬೆಟ್ಟ ನೋಡುತ್ತಾ ನಿಂತಳು. "ಹತ್ತಿರ ಇಟ್ಕೊಂಡಿದ್ದಾರೆ, ಒಳ್ಳೇದು ಮಾಡಿದ್ದಾರೆ" ಅಂದಳು.

ನಮ್ಮ ಮನೆಯಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಅಜ್ಜಿಯನ್ನು ಹೊಲದ ಮೂಲೆಯಲ್ಲಿ, ಅಜ್ಜನ ಪಕ್ಕದಲ್ಲಿ ಮಣ್ಣು ಮಾಡಿದೆವು. ಮೂರನೇ ದಿನ ಹಾಲುತುಪ್ಪ ಬಿಟ್ಟು ತಲೆಯ ಕಡೆ ಒಂದು ಕಲ್ಲು, ಕಾಲಿನ ಕಡೆ ಒಂದು ಕಲ್ಲು ಇಟ್ಟು ಬಂದೆವು. ಎಲ್ಲ ಎಷ್ಟು ಬೇಗ ಮುಗಿದುಹೋಯಿತು ಅಂದರೆ, ಬೆಳಗ್ಗೆ ಹೋದ ಜೀವ, ಸಂಜೆಯೊಳಗೆ ಮಣ್ಣು. ದೂರದಿಂದ ಬರಬೇಕಿದ್ದ ಚಿಕ್ಕಮ್ಮ ಬರುವಷ್ಟರಲ್ಲಿ ಮುಗಿದೇ ಹೋಗಿತ್ತು. ಅವಳು ಹಸಿ ಮಣ್ಣಿನ ಮುಂದೆ ಕೂತು "ಒಂದು ಸಲ ಮುಖ ನೋಡೋಕೂ ಕಾಯಲಿಲ್ವಾ" ಅಂತ ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಈ ಕಲ್ಲಿನ ಸುತ್ತು ಕಟ್ಟಿದವರು ಕಾಯುತ್ತಿದ್ದರು. ಮೂಳೆ ಆಯ್ದು ತರುವ ದಿನಕ್ಕೆ ಎಲ್ಲರೂ ಬರಬಹುದಿತ್ತು, ದೂರದಲ್ಲಿದ್ದ ಮಗಳು ಕೂಡ. ಅಷ್ಟರಲ್ಲಿ ಚಪ್ಪಡಿ ಸೀಳಬೇಕು, ಎಳೆದು ತರಬೇಕು, ಕಿಂಡಿ ಕೊರೆಯಬೇಕು, ಮಡಕೆ ಸುಡಬೇಕು. ಒಬ್ಬಿಬ್ಬರ ಕೈಲಿ ಆಗುವ ಕೆಲಸ ಅಲ್ಲ ಅದು, ಊರೇ ಬರಬೇಕು. ಜನ ಇವನ್ನು ನೋಡಿ ನಿಗೂಢ, ವಿಸ್ಮಯ ಅಂತೆಲ್ಲ ಬರೆಯುತ್ತಾರೆ. ನನಗೆ ಅಲ್ಲಿ ಕೂತಾಗ ಕಂಡದ್ದು ಸಾವಿನ ಮನೆಯ ಕೆಲಸ. ಎಲ್ಲರಿಗೂ ಗೊತ್ತಿರುವ ಕೆಲಸ.

ಪೆಟ್ಟಿಗೆಯ ಪಕ್ಕದ ಮಣ್ಣಿನಲ್ಲಿ ಒಂದು ಬೋಕಿ ಚೂರು ಬಿದ್ದಿತ್ತು, ಎರಡು ಬೆರಳಗಲ. ಒಳಗೆಲ್ಲ ಕಪ್ಪು, ಹೊರಗೆ ಮೇಲಂಚು ಕಪ್ಪು, ಅದರ ಕೆಳಗೆ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಬಾಯಿ ಮತ್ತು ಒಳಮೈ ಕಪ್ಪಾಗುತ್ತವೆ, ಗಾಳಿ ಆಡುವ ಹೊರಮೈ ಕೆಂಪಾಗುತ್ತದೆ. ಆ ಎರಡು ಬಣ್ಣ ಸೇರುವ ಕಡೆ ಗೆರೆ ಇಲ್ಲ, ಸಂಜೆ ಹೊತ್ತಿನ ಹಾಗೆ ಒಂದರೊಳಗೆ ಒಂದು ಕರಗಿದೆ. ಅಮ್ಮ ಅದನ್ನು ಉಗುರಿನಿಂದ ತಟ್ಟಿ ನೋಡಿದಳು, ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟುವ ಹಾಗೇ. "ಚೆನ್ನಾಗಿ ಬೆಂದಿದೆ" ಅಂದಳು. ಸಿಕ್ಕಿದ ಜಾಗದಲ್ಲೇ ವಾಪಸ್ಸು ಇಟ್ಟೆವು. ದಯವಿಟ್ಟು ಹೋದವರು ಯಾರೂ ಇವನ್ನು ಜೇಬಿಗೆ ಹಾಕಿಕೊಳ್ಳಬೇಡಿ.

ಇದನ್ನು ಹೇಳೋಕೆ ಕಾರಣ ಇದೆ. ಸ್ವಲ್ಪ ಮುಂದೆ ಇನ್ನೊಂದು ಸುತ್ತು ಇತ್ತು, ಇತ್ತು ಅಂತಲೇ ಹೇಳಬೇಕು. ಅರ್ಧ ಕಲ್ಲುಗಳನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ, ಬದುವಿಗೋ ಪಾಯಕ್ಕೋ. ಅದರಾಚೆ ಒಂದರ ನಡುವೆ ಹೊಸದಾಗಿ ಅಗೆದ ಗುಂಡಿ, ಪಕ್ಕದಲ್ಲಿ ಕುಂಕುಮ ಬಳಿದ ನಿಂಬೆಹಣ್ಣು. ನಿಧಿ ಹುಡುಕುವವರ ಕೆಲಸ. ಚಪ್ಪಡಿ ಒಡೆದು ಎರಡು ಹೋಳಾಗಿತ್ತು. ಹೊಟ್ಟೆ ಉರಿಯಿತು. ಸತ್ತವರ ಪಕ್ಕ ಇಟ್ಟ ಗಂಗಾಳ, ಮಡಕೆ, ಒಂದು ಕಬ್ಬಿಣದ ಚೂರಿ, ಇದಕ್ಕಾ ಇಷ್ಟು? ಅಮ್ಮ ಏನೂ ಮಾತಾಡಲಿಲ್ಲ. ಬಾಟಲಿಯಲ್ಲಿದ್ದ ನೀರನ್ನು ಆ ಗುಂಡಿಯ ಅಂಚಿಗೆ ಒಂದಿಷ್ಟು ಬಿಟ್ಟು ಕೈ ಮುಗಿದಳು.

ಇವು ಯಾವ ಕಾಲದವು ಅನ್ನುವುದರಲ್ಲೂ ಲೆಕ್ಕ ಬದಲಾಗಿದೆ. ವ್ಹೀಲರ್ ಕ್ರಿ.ಪೂ. 200ರ ಆಸುಪಾಸಿನಿಂದ ಶುರು ಅಂದಿದ್ದರು, ಆಮೇಲಿನವರು ಅದನ್ನು ಬಹಳ ಹಿಂದಕ್ಕೆ ಒಯ್ದಿದ್ದಾರೆ. ಹಾಗಾದರೆ ಅಶೋಕನ ಲಿಪಿಕಾರ ಚಪಡ ಆ ಗುಂಡಿನ ಮೇಲೆ 'ಹಿಂದಿನಿಂದ ಬಂದ ಪದ್ಧತಿ' ಅಂತ ಬರೆಯುವ ಹೊತ್ತಿಗೆ ಈ ಬಯಲಿನಲ್ಲಿ ಕಲ್ಲಿನ ಸುತ್ತುಗಳು ಇದ್ದವು. ತಿರುಗಿದರೆ ಅವನಿಗೂ ಕಾಣುತ್ತಿದ್ದವು.

ವಾಪಸ್ಸು ಬರುವಾಗ ಆ ಕಡೆ ಜಟಿಂಗ ರಾಮೇಶ್ವರ ಬೆಟ್ಟ ಕಾಣುತ್ತಿತ್ತು. ರಾವಣನ ಏಟು ತಿಂದ ಜಟಾಯು ಬಿದ್ದದ್ದು ಅಲ್ಲೇ ಅನ್ನುತ್ತಾರೆ. ರಾಮ ತನ್ನ ತಂದೆಗೆ ಮಾಡಲಾಗದ ಕೆಲಸವನ್ನು ಆ ಹಕ್ಕಿಗೆ ಮಾಡಿದ. ಸೂರ್ಯ ಇಳಿಯುತ್ತಿದ್ದ, ಗುಂಡುಗಳೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಬೆಟ್ಟ ಹತ್ತುವಷ್ಟು ಹೊತ್ತು ಇರಲಿಲ್ಲ. ಅಮ್ಮ ಅಲ್ಲಿಂದಲೇ ಕೈ ಮುಗಿದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಚಳ್ಳಕೆರೆ ಹತ್ತಿರ ಬರುವವರೆಗೂ ಅಮ್ಮ ಮಾತಾಡಲಿಲ್ಲ, ನಿದ್ದೆ ಅಂದುಕೊಂಡಿದ್ದೆ. ನಾನೇ ಕೇಳಿದೆ, "ಅಮ್ಮ, ಎರಡನೇ ಸಲ ಮೂಳೆ ತಂದು ಇಡೋವಾಗಲೂ ಅಳ್ತಿದ್ರು ಅಂತೀಯಾ?"

"ಇಲ್ಲ ಬಿಡು" ಅಂದಳು. "ಅಷ್ಟೊಂದು ಮಡಕೆ ಇಟ್ಟಿದ್ರು ಅಂದ್ಯಲ್ಲ. ಎರಡನೇ ಸಲ ಅಡುಗೆ ಮಾಡಿರ್ತಾರೆ."

ಆಮೇಲೆ ಅಜ್ಜಿಯ ವರ್ಷದ ಎಡೆಗೆ ಏನೇನು ಬೇಕು ಅಂತ ಬೆರಳು ಮಡಚಿ ಲೆಕ್ಕ ಹಾಕೋಕೆ ಶುರು ಮಾಡಿದಳು. ಹೋಳಿಗೆ, ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ, ಅಜ್ಜಿಗೆ ಇಷ್ಟ ಅಂತ ಎಲೆ ಅಡಿಕೆ ಒಂದು ಹಿಡಿ ಜಾಸ್ತಿ. ಚಿಕ್ಕಮ್ಮನಿಗೆ ಈಗಲೇ ಫೋನ್ ಮಾಡು, ಎರಡು ದಿನ ಮೊದಲೇ ಬರಲಿ ಅಂತ ಹೇಳು ಅಂದಳು. ನಾನು ಫೋನ್ ಹಚ್ಚಿದೆ.