ಮುರುಗಲಿನ ಕೆಂಪು ಕೊನೆಗೂ ನಿಂತಿತು

ಒಂಬತ್ತು ದಿನಗಳಾದವು. ಜಗಲಿಯ ಹಗ್ಗಕ್ಕೆ ಸಿಕ್ಕಿಸಿದ ಹಾಳೆಯ ಮೇಲೆ ಮುರುಗಲು ಹಣ್ಣು (ಕೋಕಂ, ಪುನರ್ಪುಳಿ) ಇನ್ನೂ ಕೆಂಪಗಿದೆ. ಬೆಳಿಗ್ಗೆ ಎದ್ದವನೇ ಕಾಫಿಗೂ ಮೊದಲು ಹೋಗಿ ನೋಡಿ ಬರುತ್ತೇನೆ. ಇಷ್ಟು ಕಾಡಿಸಿದ ಬಣ್ಣ ಬೇರೆ ಇಲ್ಲ. ಅದಕ್ಕೇ ಈ ಸಲದ ಬರಹ ಪೂರ್ತಿ ಅದರದೇ.

ಯೋಜನೆ ಹಳೆಯದೇ: ಬೇಸಿಗೆ ರಜೆಗೆ ನಮ್ಮ ಮಲೆನಾಡಿನ ಸಾಗರದ ಸುತ್ತಮುತ್ತಲಿನ ಹಣ್ಣುಗಳಿಗೆ ಬಣ್ಣ ತುಂಬುವ ಹಾಳೆಗಳು. ಒಂದೊಂದು ಹಣ್ಣಿಗೂ ಎರಡು ಚಿತ್ರ. ಮಕ್ಕಳದ್ದು ದಪ್ಪ ಗೆರೆಯ ದೊಡ್ಡ ಹಣ್ಣು. ದೊಡ್ಡವರದ್ದು ಅಡ್ಡ ಕೊಯ್ದ ಹಣ್ಣು, ಒಳಗಿನ ಬೀಜಗಳ ಚಕ್ರ, ಎಲೆಯ ನರನರವೂ. ನಿಯಮ ಒಂದೇ, ಹಣ್ಣಿಗೆ ಅದರದೇ ಬಣ್ಣ. ಅಂಗಡಿಯ ಬಣ್ಣ ಬೇಡ. ಗೆರೆ ಎಳೆದದ್ದು, ಸ್ಕ್ಯಾನ್ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕೆಲಸ, ಬಿಡುತ್ತೇನೆ. ಒಂದು ಮಾತು ಮಾತ್ರ ಹೇಳಬೇಕು: ಮುದ್ರಣ ಲೇಸರ್ ಪ್ರಿಂಟರಿನ ಒಣ ಪುಡಿಯದೇ (ಟೋನರ್) ಇರಲಿ. ಇಂಕ್‌ಜೆಟ್‌ನ ಕಪ್ಪು ಗೆರೆ ಒದ್ದೆ ಕುಂಚ ತಾಗಿದ ಕೂಡಲೇ ಹರಡಿಬಿಡುತ್ತದೆ.

ಏಪ್ರಿಲ್ ಕೊನೆಯ ಭಾನುವಾರ ಜಗಲಿಯಲ್ಲಿ ಐದು ಮಕ್ಕಳು, ಮೂವರು ದೊಡ್ಡವರು ಕುಳಿತರು. ಮುರುಗಲು ಸಿಪ್ಪೆ ಕಿವುಚಿ, ಬಟ್ಟೆಯಲ್ಲಿ ಸೋಸಿದ ರಸ ಬಟ್ಟಲುಗಳಲ್ಲಿತ್ತು. ಸಕ್ಕರೆ ಸೇರಿಸಿರಲಿಲ್ಲ; ಪಾನಕದಿಂದ ಬಳಿದ ಹಾಳೆಗೆ ರಾತ್ರಿಯೇ ಇರುವೆ ಮುತ್ತುತ್ತದೆ. ಅತ್ತೆ ನೀರು ಬೆರೆಸುತ್ತಾ ಒಂದೇ ರಸದಿಂದ ಏಳು ಛಾಯೆ ತೆಗೆದರು. ತಿಳಿ ಗುಲಾಬಿಯಿಂದ ಕಡುಗೆಂಪಿನವರೆಗೆ ಅಷ್ಟು ನಾಜೂಕಾದ ಕೆಲಸವನ್ನು ನಾನು ಆ ಬೇಸಿಗೆಯಲ್ಲಿ ಇನ್ನೆಲ್ಲೂ ನೋಡಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಆ ಏಳರಲ್ಲಿ ಐದು ಛಾಯೆಗಳು ಬೂದು ಬೆರೆತ ನೀಲಿಯಾಗಿದ್ದವು. ಅತ್ತೆ ಏನೂ ಹೇಳಲಿಲ್ಲ, ಹಾಳೆಯನ್ನು ಮಗುಚಿ ಇಟ್ಟರು. ಪಕ್ಕದ ಮನೆಯ ನಾಲ್ಕು ವರ್ಷದ ಪೋರ ಅದನ್ನು ಎತ್ತಿ ನೋಡಿ, ‘ಅಜ್ಜಿ ನೇರಳೆ ಹಣ್ಣು ಬರೆದಿದ್ದಾರೆ’ ಎಂದು ಎಲ್ಲರಿಗೂ ತೋರಿಸಿ ಬಂದ.

ವಿಚಿತ್ರವೆಂದರೆ ಅವನ ಹಾಳೆ ಕೆಟ್ಟಿರಲಿಲ್ಲ. ಬಟ್ಟಲನ್ನೇ ಬಗ್ಗಿಸಿದಂತೆ ಬಳಿದಿದ್ದ, ಅದು ಕುಂಕುಮದಂತೆ ಕೆಂಪಾಗಿಯೇ ಇತ್ತು. ಮಕ್ಕಳ ಐದೂ ಹಾಳೆಗಳು ಚೆನ್ನಾಗಿದ್ದವು, ಶ್ರದ್ಧೆಯಿಂದ ತೆಳುವಾಗಿ ಬಳಿದ ದೊಡ್ಡವರ ಮೂರೂ ಕೆಟ್ಟಿದ್ದವು. ಸುಳಿವು ಅಲ್ಲೇ ಇತ್ತು. ನಾನು ಮಾತ್ರ ಪಾತ್ರೆ ಬದಲಿಸಿದೆ, ಬಾವಿನೀರಿನ ಬದಲು ಮಳೆನೀರು ಹಿಡಿದೆ, ನೆರಳಿನಲ್ಲಿ ಒಣಗಿಸಿದೆ. ಪ್ರತಿ ಸಲವೂ ಅದೇ ಬೂದುನೀಲಿ.

ಆಮೇಲೆ ಒಳ್ಳೆಯ ಕಾಗದ ತರಿಸೋಣವೆಂದು ಹೊರಟೆ. ಆನ್‌ಲೈನ್ ಮಾರಾಟಗಾರನೊಬ್ಬ ‘ಆಮ್ಲರಹಿತ, ನೂರು ವರ್ಷ ಬಾಳುವ’ ಜಲವರ್ಣದ ಕಾಗದವೆಂದು ಹೊಗಳಿದ್ದ. ಹನ್ನೊಂದು ದಿನ ಕಾಯಿಸಿ, ಮೂಲೆ ಮಡಚಿದ ಕಟ್ಟು ಕಳಿಸಿದ. ಬದಲಿಸಿ ಕೊಡಿ ಎಂದರೆ ಬಣ್ಣ ಬಳಿದ ಮೇಲೆ ಮಡಿಕೆ ಕಾಣುವುದಿಲ್ಲ ಎಂಬ ಉತ್ತರ ಬಂತು. ಆ ದುಬಾರಿ ಕಾಗದದ ಮೇಲೆ ಮುರುಗಲು ರಸ ಎ4 ಹಾಳೆಗಿಂತ ಬೇಗ, ಕಣ್ಣೆದುರೇ ನೀಲಿಗೆ ತಿರುಗಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಈ ಒಗಟನ್ನು ಬಿಡಿಸಿಕೊಟ್ಟದ್ದು ಅಟ್ಟದ ಮೇಲಿನ ಹಳೆಯ ಅಡಿಕೆ ಮಂಡಿ ಲೆಕ್ಕದ ಪುಸ್ತಕ. ಕುಂಚ ಒರೆಸಲು ಅದರ ಖಾಲಿ ಹಾಳೆ ಹರಿದುಕೊಂಡಿದ್ದೆ. ಒರೆಸಿದ ಗುರುತುಗಳು, ಅದೂ ತೆಳ್ಳನೆಯವು, ಮರುದಿನವೂ ಕೆಂಪು! ಹಿಂದೆ ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳವನ್ನೂ ಪಟಿಕವನ್ನೂ ಸೇರಿಸುತ್ತಿದ್ದರು, ಅದರಿಂದ ಕಾಗದದಲ್ಲಿ ಆಮ್ಲ ಉಳಿಯುತ್ತಿತ್ತು. ಹಳೆಯ ಪುಸ್ತಕಗಳು ಹಳದಿಗಟ್ಟಿ ಮುರಿಯುವುದಕ್ಕೆ ಅದೇ ಮುಖ್ಯ ಕಾರಣ. ಈಗಿನ ಬಹುಪಾಲು ಬಿಳಿ ಕಾಗದದಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ. ಆಮ್ಲರಹಿತ ಕಾಗದಕ್ಕೆ ಬಾಳಿಕೆ ಬರಲೆಂದು ಅದನ್ನೇ ಬೇಕೆಂದು ಬೆರೆಸುತ್ತಾರೆ. ಮುರುಗಲಿನ ಕೆಂಪು ಆಂಥೊಸಯನಿನ್ ಜಾತಿಯದು: ಹುಳಿಯಲ್ಲಿ ಕೆಂಪು, ಹುಳಿ ಇಳಿದಂತೆ ನೇರಳೆ, ಕ್ಷಾರದಲ್ಲಿ ನೀಲಿ. ದಪ್ಪ ರಸದಲ್ಲಿ ಸುಣ್ಣವನ್ನು ಎದುರಿಸುವಷ್ಟು ಹುಳಿ ಇರುತ್ತದೆ. ಅತ್ತೆಯ ತಿಳಿ ಗುಲಾಬಿಯಲ್ಲಿ ಇರಲಿಲ್ಲ.

ನಿಂಬೆರಸ ಸವರಿದರೆ ಆಯಿತಲ್ಲ ಎನ್ನುವವರಿಗೆ ಲೆಕ್ಕ ಕೊಡುತ್ತೇನೆ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಎ4 ಹಾಳೆಯ ತೂಕ ಸುಮಾರು 4.7 ಗ್ರಾಂ. ಅದರಲ್ಲಿ ಐದನೆಯ ಒಂದು ಪಾಲು ಸುಣ್ಣದ ಪುಡಿ ಎಂದಿಟ್ಟುಕೊಂಡರೆ ಹತ್ತಿರ ಹತ್ತಿರ ಒಂದು ಗ್ರಾಂ. ಅಷ್ಟನ್ನೂ ತೀರಿಸಲು 1.3 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ಕುಂಚದಲ್ಲಿ ಒಮ್ಮೆ ಸವರಿದ ನಿಂಬೆರಸ ಹತ್ತು ನಿಮಿಷ ತಡೆಯಿತು, ಅಷ್ಟೇ. ಸುರಿದು ನೆನೆಸಿದರೆ ಹಾಳೆ ಹಪ್ಪಳದಂತೆ ಸುಕ್ಕಾಯಿತು.

ಲೆಕ್ಕದ ಪುಸ್ತಕದ ಗುಟ್ಟು ಪಟಿಕವಲ್ಲವೇ ಎಂದು ಪಟಿಕದ ನೀರನ್ನೂ ಬಳಿದೆ. ಚಂದದ ನೇರಳೆ ಬಂತು! ಹುಳಿ ಇದ್ದರೂ ಪಟಿಕದಲ್ಲಿರುವ ಅಲ್ಯೂಮಿನಿಯಂ ಈ ಬಣ್ಣವನ್ನು ಹಿಡಿದು ನೀಲಿಯ ಕಡೆಗೆ ಎಳೆಯುತ್ತದೆ. ಹಳೆಯ ಕಾಗದದಲ್ಲಿದ್ದದ್ದು ಅಲ್ಪ, ನಾನು ಬಳಿದದ್ದು ಲೋಟಗಟ್ಟಲೆ. ಮುರುಗಲಿಗೆ ಆಗದ ಈ ಹಾಳೆಗಳನ್ನು ಎಸೆಯದೆ ಕಟ್ಟಿಟ್ಟಿದ್ದೇನೆ, ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಇಷ್ಟರಲ್ಲಿ ಅಡುಗೆಮನೆಯಲ್ಲಿ ಮುರುಗಲು ಬೀಜ ಮೊರಗಟ್ಟಲೆ ಸೇರಿತ್ತು. ಬೀಜದಿಂದ ಮುರುಗಲು ತುಪ್ಪ ತೆಗೆಯುವುದು ನಮ್ಮಲ್ಲಿ ಹೊಸತಲ್ಲ, ಒಡೆದ ಹಿಮ್ಮಡಿಗೆ ಹಚ್ಚುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು, ಮಾಮೂಲು ದಿನಗಳಲ್ಲಿ ಕಲ್ಲಿನಂತೆ ಗಟ್ಟಿ. ಜೇನುಮೇಣ ಸೇರಿಸಿ, ಕೆಮ್ಮಣ್ಣು ಅರೆದು ಬೆರೆಸಿ, ಬಿದಿರಿನ ಅಂಡೆಯಲ್ಲಿ ಎರೆದರೆ ಕ್ರೇಯಾನ್ ಆಗಬೇಕು! ನಮ್ಮ ದೀವರ ಮನೆಗಳ ಗೋಡೆಯ ಹಸೆ ಚಿತ್ತಾರದ ಕೆಂಪು ಕೆಮ್ಮಣ್ಣಿನದೇ. ಕಬ್ಬಿಣದ ಆ ಕೆಂಪಿಗೆ ಹುಳಿಯ ಹಂಗೂ ಇಲ್ಲ, ಸುಣ್ಣದ ಅಂಜಿಕೆಯೂ ಇಲ್ಲ. ಮಳೆ ಹಿಡಿದು ಒಳಗೆ ಕುಳಿತ ಮೇಲೆ ಅದೇ ಕೆಲಸ. ಹಲಸಿನ ಚಿತ್ರದ ಹಳದಿಗಾಗಿ ಹಲಸಿನ ಮರ ಕೊಯ್ದ ಪುಡಿಯನ್ನೂ ಮಿಲ್ಲಿನಿಂದ ಒಂದು ಚೀಲ ತಂದಿದ್ದೇನೆ. ತಿರುಳಿನ ಪುಡಿ ಕುದಿಸಿದರೆ ಬಣ್ಣ ಬಿಡುತ್ತದೆ, ಪಟಿಕ ಅದಕ್ಕೆ ಹೊಂದುತ್ತದೆ.

ಮುರುಗಲಿಗೆ ಮರಳುತ್ತೇನೆ. ಸುಣ್ಣವನ್ನು ತೀರಿಸಲಾಗದಿದ್ದರೆ ಅದಕ್ಕೂ ರಸಕ್ಕೂ ನಡುವೆ ಗೋಡೆ ಕಟ್ಟಬೇಕು. ಅದನ್ನು ಸೂಚಿಸಿದ್ದು ಅತ್ತೆಯೇ, ಹತ್ತಿ ಸೀರೆಗೆ ಗಂಜಿ ಹಾಕುತ್ತಾ. ಕುಚ್ಚಲಕ್ಕಿಯ ಗಂಜಿತಿಳಿಯನ್ನು ಸೋಸಿ, ಒಂದು ಲೋಟಕ್ಕೆ ಅರ್ಧ ಚಮಚ ಸಿಟ್ರಿಕ್ ಆಮ್ಲ ಸೇರಿಸಿ, ಅಗಲ ಕುಂಚದಿಂದ ತೆಳುವಾಗಿ ಒಮ್ಮೆ ಬಳಿದು ಪೂರ್ತಿ ಒಣಗಿಸಿದೆ. ಅಡ್ಡಡ್ಡವಾಗಿ ಇನ್ನೊಮ್ಮೆ ಬಳಿದೆ. ಒಣಗಿದ ಹಾಳೆಯನ್ನು ಹಲಗೆಗಳ ನಡುವೆ ಒಂದು ರಾತ್ರಿ ಒತ್ತಿಟ್ಟೆ. ಬಣ್ಣ ಬಳಿಯುವಾಗ ಒಂದೇ ಜಾಗವನ್ನು ಉಜ್ಜಬಾರದು, ಗಂಜಿ ಎದ್ದುಬಿಡುತ್ತದೆ. ತೆಳು ಛಾಯೆಗೆ ಬರಿಯ ನೀರು ಬೆರೆಸದೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿದ ನೀರು ಬೆರೆಸಿದೆವು. ತೊಟ್ಟಿಗೆ, ಕೊಂಬೆಗೆ ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಕಂದು. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದಲ್ಲಿ ಬಟ್ಟೆಗೇ ಹಿಡಿಯುವ ಆ ಬಣ್ಣ ಕಾಗದದ ಮೇಲೆ ಯಾವ ತಕರಾರೂ ಮಾಡಲಿಲ್ಲ.

ಅತ್ತೆ ಎರಡನೆಯ ಸಲ ಬರೆದ ಹಾಳೆಯಲ್ಲಿ ಏಳೂ ಛಾಯೆಗಳು ಉಳಿದಿವೆ. ಬಿಸಿಲಿನ ಕಡೆಯ ಅಂಚು ತುಸು ಮಂಕಾಗಿದೆ. ಹಣ್ಣಿನ ಬಣ್ಣಕ್ಕೆ ಬಿಸಿಲು ಆಗದು, ಅದಕ್ಕೆ ಮದ್ದು ಹುಡುಕುವ ಆಸೆ ನನಗಿಲ್ಲ. ಹಾಳೆಯನ್ನು ಈಗ ಒಳಗಿನ ಗೋಡೆಗೆ ಬದಲಿಸಬೇಕು.

ಪೋರ ದಿನವೂ ಬಂದು ‘ನೇರಳೆ ಯಾವಾಗ’ ಎಂದು ಕೇಳುತ್ತಾನೆ. ತೋಟದ ಅಂಚಿನ ಮರದಲ್ಲಿ ಕಾಯಿ ಇನ್ನೂ ಹಸಿರು. ಅದು ಕಪ್ಪಾಗುವ ಹೊತ್ತಿಗೆ ಪಟಿಕ ಬಳಿದ ಹದಿನಾಲ್ಕು ಹಾಳೆಗಳು ಸಿದ್ಧವಾಗಿರುತ್ತವೆ. ಮೊದಲನೆಯದು ಅವನಿಗೇ ಎಂದು ಮಾತು ಕೊಟ್ಟಿದ್ದೇನೆ.