ಪುಸ್ತಕದಲ್ಲಿ ಯಾವ ಪುಟ ಅಂತ ಕೇಳಿ

ಮಂಗಳೂರಿನ ಒಂದು ಕಾರ್ ಶೋರೂಮಿನ ವರ್ಕ್‌ಶಾಪಿನಲ್ಲಿ ನಾನು ಸರ್ವಿಸ್ ಅಡ್ವೈಸರ್. ಬೆಳಿಗ್ಗೆ ಜಾಬ್ ಕಾರ್ಡ್ ಬರೆಯುವವನೂ ನಾನೇ, ಸಂಜೆ ಬಿಲ್ ಕೊಟ್ಟು ಬೈಸಿಕೊಳ್ಳುವವನೂ ನಾನೇ. 'ನೀವು ಸುಮ್ನೆ ಬಿಲ್ ಏರಿಸ್ತೀರಿ ಮಾರಾಯ್ರೇ' ಅಂತ ದಿನಾ ಯಾರಾದರೂ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ.

ನಮಗೆ ಟಾರ್ಗೆಟ್ ಇರುತ್ತದೆ. ಎಂಜಿನ್ ಫ್ಲಶ್ (ಎಂಜಿನ್ನಿನ ಒಳಭಾಗ ತೊಳೆಯುವುದು), ಇಂಜೆಕ್ಟರ್ ಕ್ಲೀನಿಂಗ್, ಎಸಿ ಕ್ಲೀನಿಂಗ್, ಬಾಡಿ ಕೋಟಿಂಗ್, ಇಂಥದ್ದೆಲ್ಲ ಎಷ್ಟು ಮಾರಿದೆ ಅನ್ನೋದರ ಲೆಕ್ಕ ಮ್ಯಾನೇಜರ್ ಹತ್ತಿರ ಹೋಗುತ್ತದೆ. ತಿಂಗಳ ಕೊನೆಯಲ್ಲಿ ನಮ್ಮ ಸಲಹೆ ಸ್ವಲ್ಪ ಜಾಸ್ತಿಯೇ ಬರುತ್ತದೆ. ಹಾಗಾಗಿ ಎಸ್ಟಿಮೇಟ್ ಕೈಗೆ ಬಂದಾಗ ಪ್ರತಿ ಸಾಲಿಗೂ 'ಇದು ಓನರ್ಸ್ ಮ್ಯಾನುಯಲ್‌ನಲ್ಲಿ ಯಾವ ಪುಟದಲ್ಲಿದೆ' ಅಂತ ಕೇಳಿ. ಪುಟ ತೋರಿಸಲು ಆಗದಿದ್ದರೆ, ಗಾಡಿಯಲ್ಲಿ ಏನು ತೊಂದರೆ ಕಂಡಿತು ಅಂತ ಕೇಳಿ. ಎರಡಕ್ಕೂ ಉತ್ತರ ಇಲ್ಲದಿದ್ದರೆ ಆ ಸಾಲು ಹೊಡೆದುಹಾಕಿಸಿ. ಜಗಳ ಆಡಬೇಕಾಗಿಲ್ಲ.

ಆದರೆ ಉಳಿದರ್ಧವನ್ನೂ ಹೇಳಬೇಕಲ್ವಾ. 'ಪುಸ್ತಕದಲ್ಲಿ ಇದ್ದಷ್ಟೇ ಮಾಡಿ' ಅನ್ನುವ ಹೆಚ್ಚಿನವರು ಆ ಪುಸ್ತಕ ಓದಿರುವುದಿಲ್ಲ. ಸರ್ವಿಸ್‌ಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಬಹಳಷ್ಟು ಕಾರುಗಳಿಗೆ ಇರುತ್ತದೆ. ಜನರಿಗೆ ನೆನಪಿರುವುದು ಕಿಲೋಮೀಟರ್ ಮಾತ್ರ. ಅದರ ಪಕ್ಕದಲ್ಲೇ ಕಷ್ಟದ ಬಳಕೆಗೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ: ಧೂಳು, ಗಳಿಗೆಗೊಮ್ಮೆ ನಿಲ್ಲುವ ಟ್ರಾಫಿಕ್, ತೀರಾ ಹತ್ತಿರದ ಓಡಾಟ. ಕದ್ರಿಯಿಂದ ಹಂಪನಕಟ್ಟೆಗೆ ಹೋಗಿ ಬರುವ ಕಾರು ವರ್ಷಕ್ಕೆ ಎಷ್ಟೂ ಓಡಿರುವುದಿಲ್ಲ, ಆದರೆ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುವುದರಿಂದ ಆಯಿಲ್‌ಗೆ ಸೇರಿದ ನೀರಿನ ಅಂಶ, ಪೆಟ್ರೋಲ್ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತದೆ. 'ಓಡಿಸಿದ್ದೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು' ಅನ್ನುವವರಿಗೆ ಇದೇ ಉತ್ತರ.

ಬ್ರೇಕ್ ಫ್ಲೂಯಿಡ್ ಇನ್ನೊಂದು. ಎಸ್ಟಿಮೇಟ್‌ನಲ್ಲಿ ಜನ ಮೊದಲು ಕತ್ತರಿ ಹಾಕುವುದೇ ಇದಕ್ಕೆ. ಒಮ್ಮೆ ಸುರತ್ಕಲ್ ಕಡೆಯ ಒಬ್ಬರು ಬೇಡವೇ ಬೇಡ ಅಂದರು. ಬಾನೆಟ್ ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಪೆನ್ನಿನ ಹಾಗಿರುವ ಟೆಸ್ಟರ್ ಅದ್ದಿ ತೋರಿಸಿದೆ. ಕೆಂಪು ಲೈಟ್ ಹತ್ತಿತು, ಒಳಗಿನ ಫ್ಲೂಯಿಡ್ ಕಂದು ಬಣ್ಣಕ್ಕೆ ತಿರುಗಿತ್ತು. ಈ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಬ್ರೇಕ್ ಬಿಸಿಯಾಗಿ ಫ್ಲೂಯಿಡ್ ಕುದಿದು ಗುಳ್ಳೆ ಬರುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಅವರು ಏನೂ ಮಾತಾಡದೆ ಸಹಿ ಹಾಕಿದರು.

ತುಕ್ಕಿನ ವಿಷಯದಲ್ಲಿ ನಮ್ಮವರು ಹೇಳುವುದನ್ನೆಲ್ಲ ನಂಬಬೇಡಿ. ಪಣಂಬೂರು, ಮಲ್ಪೆಯಂಥ ಸಮುದ್ರದ ಬದಿಯ ಗಾಡಿಗೆ ಅಂಡರ್‌ಬಾಡಿ ಕೋಟಿಂಗ್, ಅಂದರೆ ಅಡಿಭಾಗಕ್ಕೆ ಹೊಡೆಯುವ ಲೇಪ, ಒಳ್ಳೆಯದೇ. ಆದರೆ ಆಗಲೇ ತುಕ್ಕು ಹಿಡಿದ ಜಾಗದ ಮೇಲೆ ಉಜ್ಜಿ ತೆಗೆಯದೆ ಸುಮ್ನೆ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನಷ್ಟು ತಿನ್ನುತ್ತದೆ. ಅದಕ್ಕಿಂತ ಮೊದಲು ಡೋರ್‌ಗಳ ಕೆಳ ಅಂಚಿನ ಸಣ್ಣ ತೂತುಗಳನ್ನು ನೋಡಿ. ಕೆಂಪು ಮಣ್ಣು ಕೂತು ಅವು ಮುಚ್ಚಿರುತ್ತವೆ, ಮಳೆ ನೀರು ಡೋರಿನೊಳಗೇ ನಿಲ್ಲುತ್ತದೆ. ಒಂದು ಕಡ್ಡಿ ಸಾಕು, ದುಡ್ಡು ಬೇಡ. ಇದನ್ನು ಯಾವ ಎಸ್ಟಿಮೇಟ್‌ನಲ್ಲೂ ಬರೆಯುವುದಿಲ್ಲ, ಯಾಕೆ ಅಂತ ಕೇಳಬೇಡಿ.

'ಫ್ಲಶ್ ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ' ಅಂತ ಯಾರಾದರೂ ಹೆದರಿಸಿದರೆ, ವಾರಂಟಿ ಪುಸ್ತಕದಲ್ಲಿ ಆ ಸಾಲು ತೋರಿಸಿ ಅನ್ನಿ. ಪುಸ್ತಕದ ಸರ್ವಿಸ್ ಮಾತ್ರ ಸಮಯಕ್ಕೆ ಮಾಡಿಸಿ, ಬಿಲ್ ಇಟ್ಟುಕೊಳ್ಳಿ.

ಇನ್ನು ಇಲಿ ವೈರ್ ಕಡಿಯದಿರಲಿ ಅಂತ ನಾವು ಮಾರುವ ಸ್ಪ್ರೇ ಬಗ್ಗೆ ನನಗೇ ಅಷ್ಟು ನಂಬಿಕೆ ಇಲ್ಲ. ಕಾರಿನಲ್ಲಿ ಚಕ್ಕುಲಿ ಪೊಟ್ಟಣ ಬಿಟ್ಟು ಹೋಗಬೇಡಿ.